ನೋವಿಲ್ಲದ ಎಡಗೆನ್ನೆ

ನಮ್ಮ ಮುಖದ ಎಡ ಅರ್ಧಕ್ಕೆ ಜೋಮು ಹಿಡಿದು ಮೂರು ವರ್ಷ ದಾಟಿತು. ಹಣೆಯಿಂದ ಗದ್ದದವರೆಗೆ, ಮೂಗಿನ ಪಕ್ಕದಿಂದ ಕಿವಿಯ ಮುಂದಿನವರೆಗೆ. ನೋಡಿದವರಿಗೆ ಏನೂ ಕಾಣುವುದಿಲ್ಲ. ಬಾಯಿ ಸೊಟ್ಟಗಿಲ್ಲ, ಕಣ್ಣು ಮುಚ್ಚುತ್ತದೆ, ನಕ್ಕರೆ ಎರಡೂ ಕೆನ್ನೆ ಮೇಲೇಳುತ್ತವೆ. ಹಾಗಾಗಿ ತಿಕೋಟಾದಲ್ಲಿ ಸಿಕ್ಕವರೂ ಬಬಲೇಶ್ವರದಲ್ಲಿ ಸಿಕ್ಕವರೂ ಒಂದೇ ಮಾತು ಹೇಳುತ್ತಾರೆ: "ಈಗ ಛಲೋ ಆಗೀರಿ ಬಿಡ್ರಿ. ಆಪರೇಷನ್ ಆಗಿದ್ದು ಗೊತ್ತೇ ಆಗಂಗಿಲ್ಲ."

ಹೌದು ಅಂತೇವೆ. ವಿವರಿಸಲಿಕ್ಕೆ ಹೋದರೆ ಚಹಾ ಆರಿಹೋಗುತ್ತದೆ. ಆದರೆ ಇದನ್ನು ಒಮ್ಮೆ ಬರೆದಿಡಬೇಕು ಅನ್ನಿಸಿತ್ತು. ಇಂಥ ಜೋಮು ಇದ್ದವರು ನಮ್ಮ ಹಳ್ಳಿಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಬಹಳ ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಸುಮ್ಮನಿದ್ದಾರೆ.

ಹಲ್ಲು ಕೀಳಿಸಿಕೊಂಡವರಿಗೆ ಜೋಮು ಅಂದರೆ ಏನು ಅಂತ ಗೊತ್ತು. ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ದಪ್ಪಗಾದಂತೆ, ಬೇರೆ ಯಾರದೋ ತುಟಿ ನಮ್ಮ ಮುಖಕ್ಕೆ ಅಂಟಿಸಿದಂತೆ ಅನ್ನಿಸುತ್ತದೆ. ನೀರು ಕುಡಿದರೆ ಗದ್ದದ ಮೇಲೆ ಇಳಿದದ್ದು ತಿಳಿಯುವುದಿಲ್ಲ. ಎರಡು ಮೂರು ತಾಸಿಗೆ ಅದು ಇಳಿಯುತ್ತದೆ. ನಮ್ಮದು ಇಳಿಯಲಿಲ್ಲ, ಅಷ್ಟೇ ವ್ಯತ್ಯಾಸ.

ಇದು ಶುರುವಾದದ್ದು ಮುಖದಿಂದ ಅಲ್ಲ, ಕಿವಿಯಿಂದ. ಜಿಲ್ಲಾ ಸ್ಟ್ರಿಂಗರ್ ಕೆಲಸ ಅಂದರೆ ದಿನವಿಡೀ ಫೋನು. ಎಡಗಿವಿಗೆ ಹಿಡಿದರೆ ಮಾತು ಕೇಳುತ್ತದೆ, ಶಬ್ದ ಬಿಡಿಸಿ ತಿಳಿಯುವುದಿಲ್ಲ. "ಆರು ಎಕರೆ" ಅಂದರೋ "ನೂರು ಎಕರೆ" ಅಂದರೋ ಗೊತ್ತಾಗದೆ ಮತ್ತೆ ಮತ್ತೆ ಕೇಳುವುದು. ಬಲಗಿವಿಗೆ ಬದಲಿಸಿದರೆ ಎಲ್ಲ ಸ್ಪಷ್ಟ. ಜತೆಗೆ ಎಡಗಿವಿಯಲ್ಲಿ ರಾತ್ರಿ ಹೊತ್ತು ಜೀರುಂಡೆಯಂಥ ಗುಂಯ್ ಸದ್ದು. ಮೊದಲು ನೋಡಿದ ಡಾಕ್ಟರು ಗುಗ್ಗೆ ಅಂದರು, ತೆಗೆದರು, ಹನಿ ಕೊಟ್ಟರು. ಆರು ತಿಂಗಳಾದ ಮೇಲೆ ಕತ್ತಲಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಎಡಕ್ಕೆ ವಾಲತೊಡಗಿದೆವು. ಆಗ ಬೇರೊಬ್ಬ ವೈದ್ಯರು ಶ್ರವಣ ಪರೀಕ್ಷೆ ಮಾಡಿಸಿ, ಎರಡು ಕಿವಿಯ ಗೆರೆಗಳ ನಡುವಿನ ಅಂತರ ನೋಡಿ, ತಲೆಯ ಎಂಆರ್‌ಐ ಬರೆದರು.

ಚಿತ್ರದಲ್ಲಿ ಬಿಳಿ ಉಂಡೆ ಕಂಡಿತು. 3.5 ಸೆಂಟಿಮೀಟರ್, ಒಂದು ಸಣ್ಣ ನಿಂಬೆಹಣ್ಣಿನಷ್ಟು. ಅದರ ಹೆಸರು ಅಕೌಸ್ಟಿಕ್ ನ್ಯೂರೋಮಾ. ವೈದ್ಯರು ಈಗ ವೆಸ್ಟಿಬ್ಯುಲರ್ ಶ್ವಾನೋಮಾ ಅನ್ನುತ್ತಾರೆ, ಅದೇ ಸರಿಯಾದ ಹೆಸರು. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹರಡುವುದಿಲ್ಲ. ಕಿವಿಯಿಂದ ಮೆದುಳಿಗೆ ಹೋಗುವ ಎಂಟನೇ ನರಕ್ಕೆ ಎರಡು ಕೆಲಸ: ಕೇಳುವುದು, ದೇಹದ ಸಮತೋಲ ಹೇಳುವುದು. ಆ ಸಮತೋಲದ ಎಳೆಗೆ ಸುತ್ತಿರುವ ಹೊದಿಕೆಯ ಜೀವಕೋಶಗಳು ಲೆಕ್ಕ ತಪ್ಪಿ ಬೆಳೆದರೆ ಈ ಗಡ್ಡೆ. ಬಹಳ ಮಂದಿಯಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತದೆ, ಕೆಲವರಲ್ಲಿ ಬೆಳೆಯುವುದೇ ಇಲ್ಲ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ರೋಗ. ಅದಕ್ಕೇ ನಮ್ಮ ಊರಲ್ಲಿ ಇದರ ಹೆಸರು ಕೇಳಿದವರು ಸಿಗುವುದಿಲ್ಲ.

ಹಾಗಾದರೆ ಕಿವಿಯ ನರದ ಗಡ್ಡೆಗೂ ಕೆನ್ನೆಯ ಜೋಮಿಗೂ ಏನು ಸಂಬಂಧ? ವಿಜಯಪುರದ ಹಳೇ ಓಣಿಗಳನ್ನು ನೆನೆಸಿಕೊಳ್ಳಿ. ಒಬ್ಬರ ಮನೆಗೋಡೆ ಇನ್ನೊಬ್ಬರ ಮನೆಗೋಡೆಗೆ ಹತ್ತಿಕೊಂಡೇ ಇರುತ್ತದೆ. ತಲೆಯೊಳಗೆ ಆ ಜಾಗ ಅಂಥದೇ. ಎಂಟನೇ ನರಕ್ಕೆ ಅಂಟಿಕೊಂಡೇ ಏಳನೆಯದು ಹೋಗುತ್ತದೆ. ಮುಖ ಅಲ್ಲಾಡಿಸುವುದು, ಕಣ್ಣು ಮುಚ್ಚುವುದು ಅದರ ಕೆಲಸ. ಸ್ವಲ್ಪ ಮೇಲೆ ಐದನೆಯದು. ಮುಖದ ಮುಟ್ಟು, ನೋವು, ಬಿಸಿ, ತಣ್ಣಗೆ ಎಲ್ಲವನ್ನೂ ಮೆದುಳಿಗೆ ತಿಳಿಸುವುದು ಅದು. ಗಡ್ಡೆ ದೊಡ್ಡದಾದಂತೆ ಮೇಲಿನ ಐದನೇ ನರವನ್ನು ಒತ್ತುತ್ತದೆ. ಒತ್ತಿ ಹಿಡಿದ ಗಡ್ಡೆಯನ್ನು ಬಿಡಿಸುವಾಗಲೂ ಆ ನರಕ್ಕೆ ಎಳೆತ ಬೀಳುತ್ತದೆ.

ಸಣ್ಣ ಗಡ್ಡೆಯಾದರೆ ಮೂರು ದಾರಿ ಇವೆ: ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸುತ್ತ ಕಾಯುವುದು, ಗಾಮಾ ನೈಫ್‌ನಂಥ ಕಿರಣ ಚಿಕಿತ್ಸೆ, ಇಲ್ಲವೇ ಶಸ್ತ್ರಚಿಕಿತ್ಸೆ. ನಮ್ಮ ಗಡ್ಡೆ ಮೊದಲೆರಡು ದಾರಿಯ ಅಳತೆ ಮೀರಿತ್ತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ನಿಮ್ಹಾನ್ಸ್ ಸೇರಿದಂತೆ ಈ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಐನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ, ರಾತ್ರಿಯೆಲ್ಲ ಗುಂಯ್ ಅನ್ನುವ ಕಿವಿ, ಪಕ್ಕದಲ್ಲಿ ನಿದ್ದೆ ಮಾಡದ ಮನೆಯವರು.

ದುಡ್ಡಿನ ಮಾತು ಇಲ್ಲಿಯೇ ಹೇಳಿಬಿಡುತ್ತೇವೆ, ಯಾಕಂದರೆ ಓದುವವರು ಮೊದಲು ಕೇಳುವುದು ಅದನ್ನೇ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಇದ್ದರೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿಕೊಳ್ಳಿ. ಯೋಜನೆ ಕೊಡದ ಖರ್ಚು ಅಂದರೆ ಇರುವುದಕ್ಕೆ ಕೋಣೆ, ಊಟ, ಮತ್ತು ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ನಮ್ಮಂಥವರಿಗೆ ತಪ್ಪಿಹೋಗುವ ಮೂರು ತಿಂಗಳ ಗಳಿಕೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ವೈದ್ಯರು ಕೂರಿಸಿಕೊಂಡು ಹೇಳಿದ್ದರು: ಎಡಗಿವಿಯ ಕೇಳಿಕೆ ಉಳಿಯುವುದಿಲ್ಲ, ಮುಖದ ನರ ಉಳಿಸಲು ಪ್ರಯತ್ನ ಮಾಡುತ್ತೇವೆ, ಜೋಮು ಇರಬಹುದು. ಆ ಮೂರರಲ್ಲಿ ನಮ್ಮ ಕಿವಿಗೆ ಬಿದ್ದದ್ದು ಮಧ್ಯದ್ದು ಮಾತ್ರ. ಮದುವೆ ಮನೆಯಲ್ಲಿ ಬಾಯಿ ಸೊಟ್ಟಗೆ ಮಾಡಿಕೊಂಡು ನಿಲ್ಲುವುದು ಹೇಗೆ ಅನ್ನುವುದೇ ಚಿಂತೆ.

ಎಚ್ಚರವಾದಾಗ ಮನೆಯವರು ಮೊದಲು ಅಂದದ್ದು, "ನಗ್ರಿ ನೋಡೋಣ." ನಕ್ಕೆವು. ಎರಡೂ ಕಡೆ ನಕ್ಕಿತು. ಆಕೆ ಅತ್ತಳು. ನಾವು ಗಲ್ಲದ ಮೇಲೆ ಕೈಯಿಟ್ಟುಕೊಂಡೆವು. ಕೈಗೆ ಗಲ್ಲ ತಿಳಿಯಿತು, ಗಲ್ಲಕ್ಕೆ ಕೈ ತಿಳಿಯಲಿಲ್ಲ.

ಮುಖ ಆಡಿಸುವ ನರ ಬೇರೆ, ಮುಖಕ್ಕೆ ತಿಳಿಯುವ ನರ ಬೇರೆ ಅನ್ನುವುದು ಬಹಳ ಹಳೆಯ ವಿದ್ಯೆ ಏನಲ್ಲ. 1821ರಲ್ಲಿ ಚಾರ್ಲ್ಸ್ ಬೆಲ್ ಅನ್ನುವ ಸ್ಕಾಟ್ಲೆಂಡ್ ಮೂಲದ ವೈದ್ಯ ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ಮುಖದ ನರಗಳ ಬಗ್ಗೆ ಓದಿದ ಪ್ರಬಂಧದಿಂದ ಈ ಬೇರ್ಪಡಿಕೆ ಸ್ಪಷ್ಟವಾಗುತ್ತ ಹೋಯಿತು. ಬಾಯಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಅನ್ನುವ ರೋಗಕ್ಕೆ ಅವನದೇ ಹೆಸರು. ಹಾಲಿವುಡ್ ಸಿನಿಮಾದಲ್ಲಿ ಹಸಿರು ಮೈಯ ಹಲ್ಕ್ ಆಗಿದ್ದ ನಟ ಮಾರ್ಕ್ ರಫಲೋಗೂ 2001ರಲ್ಲಿ ನಮ್ಮದೇ ಗಡ್ಡೆ ಸಿಕ್ಕಿತ್ತು. ಅವನ ಮುಖದ ಎಡಭಾಗ ಸುಮಾರು ಒಂದು ವರ್ಷ ಅಲ್ಲಾಡಲಿಲ್ಲ, ಆಮೇಲೆ ಸರಿಯಾಯಿತು. ಎಡಗಿವಿ ಹೋದದ್ದು ಬರಲಿಲ್ಲ. ನಟನಿಗೆ ಮುಖ ಆಡದಿದ್ದರೆ ಲೋಕಕ್ಕೆ ಕಾಣುತ್ತದೆ. ಮುಖಕ್ಕೆ ತಿಳಿಯದಿದ್ದರೆ ಅದು ಅವನಿಗೊಬ್ಬನಿಗೇ ಗೊತ್ತು.

ಈ ಶಸ್ತ್ರಚಿಕಿತ್ಸೆಯ ಹಿಂದಿನ ಕಥೆ ಓದಿದ ಮೇಲೆ ದೂರುವ ಮನಸ್ಸು ಬರುವುದಿಲ್ಲ. 1895ರಲ್ಲಿ ಎಡಿನ್‌ಬರಾದಲ್ಲಿ ಥಾಮಸ್ ಅನ್ನಾಂಡೇಲ್ ಎಂಬ ವೈದ್ಯ ಬಸಿರಿ ಹೆಣ್ಣುಮಗಳೊಬ್ಬಳ ಇಂಥ ಗಡ್ಡೆ ತೆಗೆದ. ಆಕೆ ಬದುಕಿದಳು, ಮಗುವನ್ನೂ ಹೆತ್ತಳು. ಅದು ಆ ಕಾಲದ ಪವಾಡ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಇದಕ್ಕೆ ತಲೆ ಕೊಟ್ಟ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸಾಯುತ್ತಿದ್ದರು. ಅಮೆರಿಕದ ಹಾರ್ವೆ ಕುಶಿಂಗ್ 1917ರಲ್ಲಿ ಈ ಗಡ್ಡೆಗಳ ಮೇಲೆ ಇಡೀ ಪುಸ್ತಕ ಬರೆದ, ಗಡ್ಡೆಯನ್ನು ಒಳಗಿನಿಂದ ತೋಡಿ ತೆಗೆದು ಸಾವು ಕಡಿಮೆ ಮಾಡಿದ. 1960ರ ದಶಕದಲ್ಲಿ ವಿಲಿಯಂ ಹೌಸ್ ಸೂಕ್ಷ್ಮದರ್ಶಕ ಹಿಡಿದ ಮೇಲೆ ಜೀವದ ಜತೆ ಮುಖದ ನರವನ್ನೂ ಉಳಿಸುವ ಕಾಲ ಬಂತು.

ಅದಕ್ಕೂ ಮೊದಲಿನ ಇನ್ನೊಂದು ಪ್ರಕರಣ ನಮ್ಮನ್ನು ಬಹಳ ದಿನ ಕಾಡಿತು. 1894ರಲ್ಲಿ ಲಂಡನ್‌ನಲ್ಲಿ ಚಾರ್ಲ್ಸ್ ಬ್ಯಾಲನ್ಸ್ ಇದೇ ಜಾಗದ ಗಡ್ಡೆಯೊಂದನ್ನು ತೆಗೆದ. ರೋಗಿ ಹೆಣ್ಣುಮಗಳು ಬದುಕಿದಳು. ಆದರೆ ಮುಖ ಆಡಿಸುವ ನರ, ತಿಳಿಯುವ ನರ ಎರಡೂ ಹೋದವು. ಕಡೆಗೆ ಆ ಬದಿಯ ಕಣ್ಣನ್ನೇ ತೆಗೆಯಬೇಕಾಯಿತು. ಗಡ್ಡೆ ಕಿವಿಯ ಹತ್ತಿರದ್ದು, ಹೋದದ್ದು ಕಣ್ಣು. ಅದು ಹೇಗೆ ಅನ್ನುವುದು ನಮಗೆ ತಿಕೋಟಾದಲ್ಲಿ ಅರ್ಥವಾಯಿತು.

ಅದನ್ನು ಹೇಳುವ ಮೊದಲು ಊಟದ ಮಾತು. ಜೋಮು ಹಿಡಿದ ಬಾಯಲ್ಲಿ ಊಟ ಒಂದು ಕೆಲಸ. ಐದನೇ ನರ ನಾಲಿಗೆಗೂ ಹಲ್ಲಿಗೂ ತಿಳಿವು ಕೊಡುತ್ತದೆ. ಎಡಕ್ಕೆ ಹೋದ ತುತ್ತು ಎಲ್ಲಿ ಕೂತಿದೆ ಅಂತ ಗೊತ್ತಾಗುವುದಿಲ್ಲ. ಕಟಕ್ ರೊಟ್ಟಿ ತಿಂದರೆ ಚೂಪಾದ ಅಂಚು ಒಳಗೆನ್ನೆ ಕೊಯ್ದದ್ದು ರಕ್ತದ ರುಚಿ ಬಂದಾಗಲೇ ತಿಳಿಯುವುದು. ಹಾಗಾಗಿ ಈಗ ಮೆತ್ತನ್ನ ರೊಟ್ಟಿ, ಬಲಗಡೆಯೇ ಅಗಿಯುವುದು, ಊಟದ ನಂತರ ಎಡಗೆನ್ನೆಯ ಸಂದಿಯಲ್ಲಿ ಬೆರಳು ಹಾಕಿ ಉಳಿದ ಅಗುಳು ತೆಗೆಯುವುದು. ಇದು ಮಂದಿಯ ಎದುರು ಮಾಡುವಂಥದ್ದಲ್ಲ. ಮದುವೆ ಪಂಕ್ತಿಯಲ್ಲಿ ಕೂರುವುದನ್ನೇ ಬಹಳ ದಿನ ಬಿಟ್ಟಿದ್ದೆವು. ಈಗ ಕೂರುತ್ತೇವೆ, ಪಕ್ಕದಲ್ಲಿ ಮನೆಯವರು ಇರುತ್ತಾರೆ. ಗದ್ದದ ಮೇಲೆ ಅನ್ನದ ಅಗುಳು ನಿಂತರೆ ಆಕೆ ತನ್ನ ಗದ್ದ ಒರೆಸಿಕೊಳ್ಳುತ್ತಾಳೆ. ಅದೇ ಸನ್ನೆ.

ಬಿಸಿ ಚಹಾ ಬಲತುಟಿಗೆ ಮುಟ್ಟಿಸಿ ನೋಡಿ ಕುಡಿಯುತ್ತೇವೆ. ಗಡ್ಡ ಕೆರೆಯುವುದು ಕನ್ನಡಿ ಮುಂದೆ ಮಾತ್ರ. ಎಡ ಹಲ್ಲು ಹುಳುಕಾದರೆ ನೋವು ಬರುವುದಿಲ್ಲ, ಅದಕ್ಕೆ ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸುತ್ತೇವೆ. ಚಳಿಗಾಲದ ಬೆಳಗಿನ ಗಾಳಿಗೆ ಮಾತ್ರ ಈ ಕೆನ್ನೆ ವಿಚಿತ್ರವಾಗಿ ಉರಿಯುತ್ತದೆ. ಆಗಾಗ ಮೂಗಿನ ಪಕ್ಕ ಇರುವೆ ಹರಿದಂತಾಗುತ್ತದೆ. ಕೈಹಾಕಿದರೆ ಇರುವೆ ಇಲ್ಲ. ಮುಟ್ಟಿದ್ದು ತಿಳಿಯದ ಜಾಗದಲ್ಲಿ ಮುಟ್ಟದ್ದು ತಿಳಿಯುವುದು ಈ ನರದ ಆಟ.

ಇನ್ನು ಕಣ್ಣು. ಕರಿಗುಡ್ಡೆಯ ಮೇಲೆ ಕನ್ನಡಿಯಂಥ ಪೊರೆ ಇದೆ, ಕಾರ್ನಿಯಾ. ಅದರ ತಿಳಿವೂ ಐದನೇ ನರದ್ದೇ. ಒಂದು ಕಸ ಬಿದ್ದರೆ ನಿಮಗೆ ತಡೆಯಲಾಗದಷ್ಟು ಚುಚ್ಚುತ್ತದೆ, ರೆಪ್ಪೆ ತಾನೇ ಮುಚ್ಚುತ್ತದೆ, ನೀರು ಸುರಿದು ಕಸ ತೊಳೆದುಹೋಗುತ್ತದೆ. ಜೋಮಿನ ಕಣ್ಣಿಗೆ ಇದು ಯಾವುದೂ ಆಗುವುದಿಲ್ಲ. ರೆಪ್ಪೆ ಬಡಿಯುವುದು ಕಡಿಮೆ, ನೀರೂ ಕಡಿಮೆ. ಅಷ್ಟೇ ಅಲ್ಲ, ತಿಳಿವಿನ ನರ ಸೊರಗಿದರೆ ಆ ಪೊರೆ ಗಾಯ ಮಾಯಿಸಿಕೊಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಸಣ್ಣ ಗೀರು ಹುಣ್ಣಾಗಿ, ಹುಣ್ಣು ಆಳಕ್ಕಿಳಿದು, ಕಡೆಗೆ ಬಿಳಿ ಕಲೆಯಾಗಿ ದೃಷ್ಟಿ ಹೋಗಬಹುದು. ಎಲ್ಲವೂ ಒಂದು ಹನಿ ನೋವಿಲ್ಲದೆ.

ಎರಡನೇ ವರ್ಷದ ಮಾರ್ಚ್‌ನಲ್ಲಿ ಒಣದ್ರಾಕ್ಷಿಯ ಸುದ್ದಿಗೆ ತಿಕೋಟಾ ಕಡೆ ಹೋಗಿದ್ದೆವು. ಅಥಣಿ ರಸ್ತೆಯ ಆ ಭಾಗದಲ್ಲಿ ಆ ಕಾಲಕ್ಕೆ ಎಲ್ಲಿ ನೋಡಿದರೂ ಶೆಡ್ಡು, ಬಲೆಯ ಮೇಲೆ ಹರವಿದ ದ್ರಾಕ್ಷಿ. ಒಣಗಿದ ಮೇಲೆ ಉದುರಿಸಿ ಕಡ್ಡಿ ಬೇರ್ಪಡಿಸುವಾಗ ಏಳುವ ಧೂಳು ಸಾಮಾನ್ಯದ್ದಲ್ಲ. ಕನ್ನಡಕ ಹಾಕಿಕೊಂಡೇ ಇದ್ದೆವು. ರೈತರ ಜತೆ ಮಾತಾಡಿ, ಫೋಟೊ ತೆಗೆದು, ಸಂಜೆ ಸುದ್ದಿ ಕಳಿಸಿ ಮಲಗಿದೆವು. ಮರುದಿನ ಬೆಳಗ್ಗೆ ಮನೆಯವರು, "ಎಡಗಣ್ಣು ಕೆಂಪಾಗೇತಿ, ನೋವ ಐತೇನ್ರಿ?" ಅಂದರು. ನೋವಿರಲಿಲ್ಲ. ಸ್ವಲ್ಪ ಮಬ್ಬು ಇತ್ತು, ಅಷ್ಟೇ. ಆಕೆ ಅಂದದ್ದು: "ನೋವ ಇಲ್ಲಂದ್ರ ಈಗ ಹೋಗೂಣು ನಡೀರಿ."

ವಿಜಯಪುರದ ಕಣ್ಣಿನ ವೈದ್ಯರು ಕಿತ್ತಳೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರು. ಗಾಯವಾದ ಜಾಗ ಹಸಿರಾಗಿ ಹೊಳೆಯಿತು. ಕಡ್ಡಿಯ ಒಂದು ಸಿಬಿರು ಮೇಲ್ರೆಪ್ಪೆಯ ಒಳಗೆ ಸಿಕ್ಕಿಕೊಂಡು ಪ್ರತಿ ಸಲ ರೆಪ್ಪೆ ಬಡಿದಾಗಲೂ ಗೀರುತ್ತಿತ್ತು. ರಾತ್ರಿಯೆಲ್ಲ ಗೀರಿತ್ತು. ಬೇರೆ ಯಾರಾದರೂ ಆಗಿದ್ದರೆ ಶೆಡ್ಡಿನಲ್ಲೇ ಕೂಗಿಕೊಂಡು ಕಣ್ಣು ತೊಳೆಯುತ್ತಿದ್ದರು ಅಂದರು ವೈದ್ಯರು. ಐದು ವಾರ ಹನಿ, ಮುಲಾಮು, ದಿನ ಬಿಟ್ಟು ದಿನ ತಪಾಸಣೆ. ಮಾಯದಿದ್ದರೆ ರೆಪ್ಪೆಗಳನ್ನು ಕೆಲವು ತಿಂಗಳು ಅರ್ಧ ಹೊಲಿದು ಮುಚ್ಚಬೇಕಾದೀತು ಅಂತಲೂ ಹೇಳಿದ್ದರು. ಮಾಯಿತು. ಕಣ್ಣಿನ ಕೆಳಅಂಚಿನಲ್ಲಿ ಮಂಜಿನಂಥ ಸಣ್ಣ ಕಲೆ ಉಳಿದಿದೆ. ಎರಡು ದಿನ ತಡವಾಗಿದ್ದರೆ ಅದು ನಡುವಿಗೆ ಬರುತ್ತಿತ್ತು.

ಅವತ್ತಿನಿಂದ ನೋವಿನ ಬಗ್ಗೆ ನಮ್ಮ ಲೆಕ್ಕ ಬದಲಾಯಿತು. ನೋವು ಹೋಗಲಿ ಅಂತ ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ಹೊಲಕ್ಕೆ ಕಾವಲುಗಾರ ಇಲ್ಲದಿದ್ದರೆ ಏನಾಗುತ್ತದೆ ಅಂತ ಒಕ್ಕಲಿಗರಿಗೆ ಹೇಳಬೇಕಿಲ್ಲ. ಕಾವಲುಗಾರ ಹೋದ ಮೇಲೆ ನಾವೇ ಸುತ್ತಬೇಕು. ಬೆಳಗ್ಗೆ ಎದ್ದ ಕೂಡಲೇ ಒಂದು ಸುತ್ತು, ಮಲಗುವ ಮುಂದೆ ಒಂದು ಸುತ್ತು: ಕನ್ನಡಿಯಲ್ಲಿ ಕಣ್ಣು, ತುಟಿ, ಒಳಗೆನ್ನೆ. ಹಗಲು ಎರಡು ತಾಸಿಗೊಮ್ಮೆ ಕಣ್ಣೀರಿನ ಹನಿ, ರಾತ್ರಿ ಜೆಲ್. ಬೈಕಿನ ಮೇಲೆ ಗಾಜು ಇಳಿಸಿದ ಹೆಲ್ಮೆಟ್.

ಬಬಲೇಶ್ವರ ತಾಲೂಕಿನ ಒಂದು ಹಳ್ಳಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಹಿರಿಯರೊಬ್ಬರು ಯಾಕೆ ಹಾಗೆ ಮತ್ತೆ ಮತ್ತೆ ಕಣ್ಣಿಗೆ ಹನಿ ಹಾಕುತ್ತೀರಿ ಅಂತ ಕೇಳಿದರು. ಮುಖಕ್ಕೆ ಜೋಮು ಅಂದೆವು. ಅವರ ಮುಖ ಬದಲಾಯಿತು. "ಮಚ್ಚಿ ಐತೇನು?" ಅಂದರು. ಸ್ವಲ್ಪ ಸರಿದು ಕೂತರು. ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಕುಷ್ಠ ಇರಬಹುದು, ತೋರಿಸಿಕೊಳ್ಳಿ ಅಂತ ಆರೋಗ್ಯ ಇಲಾಖೆ ಗೋಡೆಯ ಮೇಲೆ ಬರೆಸುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕೇಳುತ್ತಾರೆ. ಆ ತಿಳಿವಳಿಕೆ ಅವರಿಗೆ ತಲುಪಿತ್ತು. ಕುಷ್ಠಕ್ಕೆ ಗುಳಿಗೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ ಅನ್ನುವ ಮುಂದಿನ ಸಾಲು ತಲುಪಿರಲಿಲ್ಲ. ನಮ್ಮದು ಅದಲ್ಲ ಅಂತ ಹೇಳುವುದು ಸುಲಭವಿತ್ತು. ಹೇಳಿದೆವು ಕೂಡ. ಆದರೆ ಅದಾಗಿದ್ದರೂ ಸರಿದು ಕೂರಬೇಕಿಲ್ಲ ಅನ್ನುವುದನ್ನೂ ಹೇಳಿಯೇ ಎದ್ದೆವು.

ನೋವಿಲ್ಲದಿರುವುದೇ ಅಪಾಯ ಅಂತ ಜಗತ್ತಿಗೆ ತಿಳಿಸಿಕೊಟ್ಟವರು ಆ ರೋಗದ ಮಂದಿಯೇ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ನೋಡಿದರು. ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. ಅವರು ಕಂಡದ್ದು ಬೇರೆ: ಬಿಸಿ ಪಾತ್ರೆ ಹಿಡಿದರೂ ತಿಳಿಯದೆ, ಮುಳ್ಳು ಚುಚ್ಚಿದರೂ ತಿಳಿಯದೆ, ಆ ಗಾಯಗಳೇ ಬೆರಳು ತಿನ್ನುತ್ತಿದ್ದವು. ಗಾಯ ತಪ್ಪಿಸಿದರೆ ಬೆರಳು ಉಳಿಯುತ್ತಿತ್ತು. ಇವತ್ತು ಸಕ್ಕರೆ ಕಾಯಿಲೆಯವರಿಗೆ ದಿನಾ ಅಂಗಾಲು ನೋಡಿಕೊಳ್ಳಿ ಅಂತ ಹೇಳುವುದೂ ಇದೇ ಕಾರಣಕ್ಕೆ. ನಿಮ್ಮ ಮನೆಯಲ್ಲೂ ಒಬ್ಬರು ಸಕ್ಕರೆ ಕಾಯಿಲೆಯವರು ಇದ್ದಾರು. ಅವರ ಅಂಗಾಲೂ ನಮ್ಮ ಎಡಗೆನ್ನೆಯೂ ಒಂದೇ ಜಾತಿ.

ಕೆಲಸ ನಡೆದಿದೆ. ಪತ್ರಿಕಾಗೋಷ್ಠಿಯಲ್ಲಿ ಎಡಗಡೆಯ ಕಡೇ ಕುರ್ಚಿ ಹಿಡಿಯುತ್ತೇವೆ, ಎಲ್ಲರೂ ಬಲಗಿವಿಗೆ ಬೀಳಲಿ ಅಂತ. ಮಾತು ಫೋನಿನಲ್ಲಿ ಮುದ್ರಿಸಿಕೊಳ್ಳುತ್ತೇವೆ. ಒಂದೇ ಕಿವಿ ಇದ್ದವರಿಗೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯುವುದಿಲ್ಲ. ಹಿಂದಿನಿಂದ ಹಾರ್ನ್ ಹೊಡೆದರೆ ನಿಂತು ಸುತ್ತ ನೋಡುತ್ತೇವೆ. ಗೋಲಗುಂಬಜದ ಪಿಸುಮಾತಿನ ಗ್ಯಾಲರಿಗೆ ಅಕ್ಕನ ಮಗನನ್ನು ಕರೆದೊಯ್ದಾಗ ಅವನು, "ಮಾಮಾ, ಧ್ವನಿ ಎಲ್ಲಿಂದ ಬರಾಕತ್ತೈತಿ ಗೊತ್ತ ಆಗವಲ್ದು" ಅಂದ. ನಮಗೆ ದಿನಾ ಹಾಗೇ ಅಂದೆವು. ಅವನಿಗೆ ಅದು ತಮಾಷೆಯಾಗಿ ಕಂಡಿತು, ನಮಗೂ.

ಜೋಮು ಹೋಗುತ್ತದೆಯೇ ಅಂತ ಬಹಳ ಮಂದಿ ಕೇಳುತ್ತಾರೆ. ಪೆಟ್ಟು ತಿಂದ ನರ ಮತ್ತೆ ಬೆಳೆದರೆ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಒತ್ತಡ ಸಣ್ಣದಿದ್ದರೆ ವಾರಗಳಲ್ಲಿ ಬರುತ್ತದೆ, ದೊಡ್ಡದಿದ್ದರೆ ಒಂದೆರಡು ವರ್ಷ ಬೇಕು, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ನಮಗೆ ಗದ್ದದ ಅಂಚು ಬಂದಿದೆ, ಮೇಲ್ದುಟಿ ಅರ್ಧ ಬಂದಿದೆ. ಕಣ್ಣು ಬಂದಿಲ್ಲ. ಮೂರು ವರ್ಷದ ಮೇಲೆ ಹೆಚ್ಚಿನ ಆಸೆ ಬೇಡ ಅಂದಿದ್ದಾರೆ ವೈದ್ಯರು. ಕಾಯುವುದನ್ನು ಬಿಟ್ಟಿದ್ದೇವೆ, ಕಾವಲು ಬಿಟ್ಟಿಲ್ಲ.

ಓದಿದ ನಿಮಗೆ ಹೇಳಬೇಕಾದದ್ದು ಇಷ್ಟು. ಒಂದೇ ಕಿವಿ ಮಂದವಾದರೆ, ಒಂದೇ ಕಿವಿಯಲ್ಲಿ ಗುಂಯ್ ಸದ್ದು ಇದ್ದರೆ, ಗುಗ್ಗೆ ತೆಗೆಸಿದ ಮೇಲೂ ಹಾಗೇ ಇದ್ದರೆ, ಶ್ರವಣ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಹೆಚ್ಚಿನ ಸಲ ಗಡ್ಡೆ ಇರುವುದಿಲ್ಲ. ಇದ್ದರೆ ಸಣ್ಣದಿದ್ದಾಗ ಸಿಗುವುದು ಒಳ್ಳೆಯದು. ಒಂದೇ ದಿನದಲ್ಲಿ ದಿಢೀರನೆ ಒಂದು ಕಿವಿ ಹೋದರೆ ವಾರ ಕಾಯಬೇಡಿ, ಅವತ್ತೇ ಹೋಗಿ. ಮುಖ, ಕೈ, ಕಾಲು ಎಲ್ಲೇ ಆಗಲಿ, ಮುಟ್ಟಿದ್ದು ತಿಳಿಯದಿದ್ದರೆ ಮುಚ್ಚಿಡಬೇಡಿ. ಮುಖದ ಜೋಮು ಇದ್ದವರ ಕಣ್ಣು ಕೆಂಪಾದರೆ, ನೋವಿಲ್ಲ ಅಂತ ಅವರು ಹೇಳಿದರೂ ಕೇಳಬೇಡಿ, ಗಾಡಿ ತೆಗೆಯಿರಿ.

ನಿಮ್ಮ ಊರಲ್ಲಿ ಆಪರೇಷನ್ ಆಗಿ ಬಂದವರು ಯಾರಾದರೂ ಇದ್ದರೆ, ಛಲೋ ಆಗೀರಿ ಅನ್ನುವ ಮೊದಲು, "ಇನ್ನೂ ಏನ ತೊಂದ್ರಿ ಐತಿ?" ಅಂತ ಒಮ್ಮೆ ಕೇಳಿ. ಚಹಾ ಆರಿದರೆ ಆರಲಿ, ಇನ್ನೊಂದು ತರಿಸಿದರಾಯಿತು.